ಸೋಲಿನ ಲೆಕ್ಕ ಇಟ್ಟು ಬರೆದ ವಿಮರ್ಶೆ

ಒಂದು ವಿಡಿಯೋ ಆಟದ ವಿಮರ್ಶೆ ಬರೆಯೋಕೆ ನನಗೆ ಹೆಚ್ಚುಕಡಿಮೆ ಏಳು ತಿಂಗಳು ಹಿಡಿಯಿತು. ಗೆಳೆಯರು ನಕ್ಕರು. 'ಹತ್ತು ಗಂಟೆ ಆಡು, ಅನಿಸಿದ್ದು ಬರಿ, ಅಷ್ಟೇ ಅಲ್ವಾ? ಆಟಕ್ಕೂ ಖಾತೆ ಪುಸ್ತಕ ಇಡ್ತೀಯಾ?' ಅಂದರು. ಹೌದು, ಇಟ್ಟೆ. ಕೊನೆಗೆ ಆ ಪುಸ್ತಕದಿಂದಲೇ ಆಟವನ್ನೂ ಗೆದ್ದೆ, ವಿಮರ್ಶೆಯೂ ಆಯಿತು.

ಆಟ ಹಲವರಿಗೆ ಗೊತ್ತಿರೋದೇ, 2012ರ 'ಎಫ್‌ಟಿಎಲ್: ಫಾಸ್ಟರ್ ದ್ಯಾನ್ ಲೈಟ್'. ಒಂದು ಅಂತರಿಕ್ಷ ಹಡಗನ್ನು ಅದರ ಸಿಬ್ಬಂದಿ (ಕ್ರೂ) ಸಮೇತ ಎಂಟು ಸೆಕ್ಟರ್, ಅಂದರೆ ಎಂಟು ಪ್ರದೇಶ ದಾಟಿಸಿ ಕೊನೇ ಶತ್ರು ಹಡಗನ್ನು ಸೋಲಿಸಬೇಕು; ಸತ್ತರೆ ಮತ್ತೆ ಮೊದಲಿಂದ. ಹೀಗೆ ಶುರುವಿನಿಂದ ಕೊನೆವರೆಗಿನ ಒಂದು ಪ್ರಯತ್ನಕ್ಕೆ 'ರನ್' ಅಂತಾರೆ. ಮ್ಯಾಥ್ಯೂ ಡೇವಿಸ್, ಜಸ್ಟಿನ್ ಮಾ ಅಂತ ಇಬ್ಬರು ಶುರು ಮಾಡಿದ್ದು. ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ವಂತಿಗೆಯಾಗಿ ಕೇಳಿದ್ದು 10,000 ಡಾಲರ್, ಬಂದದ್ದು 2 ಲಕ್ಷ ಡಾಲರ್. ಹಳೇ ಆಟ, ಈಗ ಯಾಕೆ ಅಂತೀರಾ? ನಾನು ಇದರ ಬಗ್ಗೆ ಮೊದಲೇ ಒಂದು ವಿಮರ್ಶೆ ಬರೆದಿದ್ದೆ. ಹನ್ನೆರಡು ಗಂಟೆ ಆಡಿ, 'ಇದು ಬರೀ ಅದೃಷ್ಟದ ಆಟ' ಅಂತ ತೀರ್ಪು ಕೊಟ್ಟಿದ್ದೆ. ಅದನ್ನು ಓದಿದ ಒಬ್ಬರು ಒಂದೇ ಪ್ರಶ್ನೆ ಕೇಳಿದರು: 'ಜಾಸ್ತಿ ಯಾವ ಸೆಕ್ಟರ್‌ನಲ್ಲಿ ಸಾಯ್ತೀರಿ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಖಕ್ಕೆ ಹೊಡೆದ ಹಾಗಾಯಿತು.

ಅವತ್ತೇ ಒಂದು ನೋಟ್‌ಬುಕ್ ತೆಗೆದೆ. ನಾಲ್ಕು ಕಾಲಂ: ಯಾವ ಸೆಕ್ಟರ್, ಏನು ಕೊಂದಿತು, ಸಾಯುವಾಗ ಕೈಯಲ್ಲಿ ಎಷ್ಟು ಸ್ಕ್ರ್ಯಾಪ್ (ಆಟದೊಳಗಿನ ಹಣ) ಇತ್ತು, ಕೊನೆಗೆ ಕೊಂಡದ್ದು ಏನು. ಹಡಗು ಕೆಸ್ಟ್ರೆಲ್ ಒಂದೇ, ಕಷ್ಟದ ಮಟ್ಟ ನಾರ್ಮಲ್ ಒಂದೇ. ಬದಲಾಯಿಸುತ್ತಾ ಹೋದರೆ ಲೆಕ್ಕಕ್ಕೆ ಅರ್ಥ ಇರಲ್ಲ.

ಮೊದಲ ಇಪ್ಪತ್ತು ರನ್ ಮುಗಿದ ಮೇಲೆ ಮೂರನೇ ಕಾಲಂ ನೋಡಿ ನನಗೇ ನಗು ಬಂತು. ಹದಿಮೂರೋ ಹದಿನಾಲ್ಕೋ ಸಲ 60ಕ್ಕಿಂತ ಜಾಸ್ತಿ ಸ್ಕ್ರ್ಯಾಪ್ ಇಟ್ಟುಕೊಂಡೇ ಸತ್ತಿದ್ದೆ. ಒಂದು ಸಲ 137. ಗಂಟು ತಲೆದಿಂಬಿನ ಕೆಳಗಿಟ್ಟು ಉಪವಾಸ ಸತ್ತ ಜಿಪುಣನ ಕತೆ. ಮುಂದಿನ ಸ್ಟೋರ್‌ನಲ್ಲಿ ಒಳ್ಳೇ ಆಯುಧ ಸಿಗುತ್ತೆ ಅಂತ ಕಾಯುತ್ತಿದ್ದೆ. ಸಿಗುತ್ತಿರಲಿಲ್ಲ, ಅಥವಾ ಸಿಗೋ ಹೊತ್ತಿಗೆ ನಾನಿರುತ್ತಿರಲಿಲ್ಲ. ಗುಂಡು ತಡೆಯೋ ಶೀಲ್ಡ್‌ನ ಎರಡನೇ ಪದರಕ್ಕೆ ಬೇಕಿದ್ದದ್ದು 20, ಆಮೇಲೆ 30, ಒಟ್ಟು 50. ಅದಕ್ಕೆ ವಿದ್ಯುತ್ ಕೊಡೋ ರಿಯಾಕ್ಟರ್ ಖರ್ಚು ಬೇರೆ, ಬಿಡಿ. ಆ 50 ಖರ್ಚು ಮಾಡದೆ ಮೂರನೇ ಸೆಕ್ಟರ್‌ನಲ್ಲಿ ಎಷ್ಟು ಹಡಗು ಮುಳುಗಿಸಿದೆನೋ!

ಸರಿ, ಇನ್ನು ಉಳಿಸೋದೇ ಬೇಡ ಅಂತ ಬಂದದ್ದನ್ನೆಲ್ಲ ಅಲ್ಲಲ್ಲೇ ಸುರಿದೆ. ಆಗ ಇನ್ನೊಂದು ಥರದ ಸೋಲು ಶುರುವಾಯಿತು. ಸ್ಟೋರ್‌ನಲ್ಲಿ ಒಂದೇ ಸಲಕ್ಕೆ ಮೂರು ಗುಂಡು ಹಾರಿಸೋ ಬರ್ಸ್ಟ್ ಲೇಸರ್ 2 ಕಣ್ಣೆದುರಿಗಿದೆ, ಬೆಲೆ 80, ನನ್ನ ಜೇಬಲ್ಲಿ 6. ಬೇಡದ ಆಯುಧ ಮಾರೋಣ ಅಂದರೆ ಅರ್ಧ ಬೆಲೆ. ಹೀಗೆ ಇನ್ನೊಂದು ಹತ್ತು ರನ್ ಹೋಯಿತು. ಕೊನೆಗೆ ಒಂದು ಕಟ್ಟುಪಾಡು ಮಾಡಿಕೊಂಡೆ: ಶೀಲ್ಡ್ ಎರಡು ಪದರ ಆಗೋವರೆಗೆ ಉಳಿತಾಯ ಇಲ್ಲ. ಅದಾದ ಮೇಲೆ ಒಂದು ಮೊತ್ತ ಕೈಯಲ್ಲಿ ಇರಲೇಬೇಕು, ಅದರ ಮೇಲಿನದು ಮಾತ್ರ ಖರ್ಚಿಗೆ. ಆ ಮೊತ್ತ ಎಷ್ಟು ಅಂತ ಹೇಳಲ್ಲ. ಮೂವತ್ತು ಹಡಗು ಕೊಟ್ಟು ಕೊಂಡ ಸಂಖ್ಯೆ ಅದು.

ಎರಡನೇ ಕಾಲಂನಲ್ಲಿ ನನ್ನ ಮೂರ್ಖತನಗಳ ಪಟ್ಟಿಯೇ ಇದೆ. ದೈತ್ಯ ಜೇಡಗಳಿಂದ ಜನರನ್ನು ಕಾಪಾಡೋಕೆ ಕ್ರೂ ಕಳಿಸಿ ಒಬ್ಬನನ್ನು ಕಳೆದುಕೊಂಡದ್ದು ನಾಲ್ಕು ಸಲ. ಪ್ರತಿ ಸಲವೂ 'ಈ ಸಲ ಬದುಕ್ತಾನೆ' ಅನ್ನೋ ನಂಬಿಕೆ. ಶೀಲ್ಡ್ ಕೋಣೆಗೆ ಬೆಂಕಿ ಬಿತ್ತು ಅಂತ ಗಾಳಿ ಹೊರಗೆ ಬಿಡೋಕೆ ಬಾಗಿಲು ತೆಗೆದೆ, ಒಳಗೆ ರಿಪೇರಿ ಮಾಡುತ್ತಿದ್ದ ನಮ್ಮವನನ್ನೇ ಮರೆತೆ. ಬೆಂಕಿ ಆರಿತು, ಅವನೂ ಆರಿದ. ಅದಕ್ಕೆ ಪಾಝ್ ಬಟನ್ ಇರೋದು ಅಂತೀರಿ, ಗೊತ್ತು.

ದೊಡ್ಡ ತಪ್ಪು ಬೇರೆಯೇ ಇತ್ತು. ಆಯುಧ ರೆಡಿಯಾದ ಕೂಡಲೇ ತಾನೇ ಹೊಡೆಯೋ ಆಟೋ-ಫೈರ್ ಹಾಕಿಟ್ಟು ಬಿಡುತ್ತಿದ್ದೆ. ಬರ್ಸ್ಟ್ ಲೇಸರ್ 12 ಸೆಕೆಂಡಿಗೆ ರೆಡಿ, ಕೋಣೆಗಳನ್ನು ಸವರೋ ಕಿರಣದ ಆಯುಧ ಹ್ಯಾಲ್ಬರ್ಡ್ ಬೀಮ್‌ಗೆ 17. ಲೇಸರ್ ಹೋಗಿ ಶೀಲ್ಡ್ ಬೀಳಿಸುತ್ತೆ, ಬೀಮ್ ಬರೋ ಹೊತ್ತಿಗೆ ಎದುರಾಳಿಯ ಶೀಲ್ಡ್ ಮತ್ತೆ ಎದ್ದಿರುತ್ತೆ. ಎರಡು ಪದರ ಇದ್ದರೆ ಹ್ಯಾಲ್ಬರ್ಡ್ ಅಲ್ಲಿ ಸುಮ್ನೆ ಟಾರ್ಚ್ ಬಿಟ್ಟ ಹಾಗೆ. ಆಟೋ ತೆಗೆದು, ಲೇಸರನ್ನು ಆ ಐದು ಸೆಕೆಂಡ್ ಬಿಗಿಹಿಡಿದು, ಎರಡೂ ರೆಡಿಯಾದ ಮೇಲೆ ಬಿಟ್ಟು ನೋಡಿದೆ. ಎರಡು ಗುಂಡು ಪದರ ಕಿತ್ತವು, ಮೂರನೇದು ಶೀಲ್ಡ್ ಕೋಣೆಗೇ ಬಿತ್ತು, ಅದರ ಹಿಂದೆಯೇ ಬೀಮ್ ನಾಲ್ಕು ಕೋಣೆ ಸವರಿಕೊಂಡು ಹೋಯಿತು. ಕುರ್ಚಿಯಿಂದ ಎದ್ದೇ ಬಿಟ್ಟೆ. ಹೊಸದಾಗಿ ಒಂದು ಸ್ಕ್ರ್ಯಾಪ್ ಕೂಡ ಖರ್ಚಾಗಿರಲಿಲ್ಲ. ಇದನ್ನೇ ನಾನು ಅದೃಷ್ಟ ಅಂತ ಬರೆದಿದ್ದು!

ಮಧ್ಯೆ ಕೆಲವು ಹುಚ್ಚು ಪ್ರಯೋಗಗಳೂ ನಡೆದವು. ನನ್ನ ಶೀಲ್ಡ್ ದಾಟೋಕೆ ಆಗದ ಒಂದು ಬಡಪಾಯಿ ಹಡಗನ್ನು ಕೊಲ್ಲದೆ ಎದುರಿಗೆ ಬಿಟ್ಟುಕೊಂಡು, ಅದು ಹೊಡೀತಾ ಇರಲಿ, ಕ್ರೂ ಕಲೀಲಿ ಅಂತ ಅರ್ಧ ಗಂಟೆ ಪುಸ್ತಕ ಓದಿದೆ. ಕೆಲಸ ಆಗುತ್ತೆ, ಆದರೆ ಆಡಿದ ಖುಷಿ ಇರಲ್ಲ. ಪಾಝ್ ಮಾಡದೇ ಆಡಿದ್ದು ಮೂರು ರನ್, ಮೂರೂ ಎರಡನೇ ಸೆಕ್ಟರ್‌ನಲ್ಲೇ ಮುಗಿದವು. ಇದೇ ನೋಟ್‌ಬುಕ್ ಇಟ್ಟು 2017ರ ಇನ್ನೊಂದು ಅಂತರಿಕ್ಷ ಆಟ 'ಎವರ್‌ಸ್ಪೇಸ್' ಕೂಡ ಆಡಿ ನೋಡಿದೆ. ಅಲ್ಲಿ ಲೆಕ್ಕವೇ ಉಲ್ಟಾ. ಗಳಿಸಿದ ಕ್ರೆಡಿಟ್ (ಅಲ್ಲಿನ ಹಣ) ಸತ್ತ ಮೇಲೆ ಖರ್ಚು ಮಾಡಿ ಹಡಗು ಬಲ ಮಾಡಿಕೊಂಡು ಮತ್ತೆ ಹೊರಡಬಹುದು. ಎಫ್‌ಟಿಎಲ್‌ನಲ್ಲಿ ಆ ಸೌಕರ್ಯ ಇಲ್ಲ. ಹೊಸ ಹಡಗು ಅನ್‌ಲಾಕ್ ಆದರೆ ಆಯಿತು, ಇಲ್ಲದಿದ್ದರೆ ಕಲಿತದ್ದಷ್ಟೇ ಉಳಿಯೋದು. ನನ್ನ ಹೊಸ ವಿಮರ್ಶೆಯಲ್ಲಿ ಇದಕ್ಕೇ ಜಾಸ್ತಿ ಜಾಗ ಕೊಟ್ಟೆ.

ಗೆದ್ದದ್ದು ನಲವತ್ತಾರನೇ ರನ್ ಇರಬೇಕು. ಮೂರು ಹಂತದಲ್ಲಿ ಸೋಲಿಸಬೇಕಾದ ಕೊನೇ ಶತ್ರು ಹಡಗಾದ ಫ್ಲ್ಯಾಗ್‌ಶಿಪ್ ಎದುರು ಹೋದಾಗ ಶೀಲ್ಡ್ ಮೂರು ಪದರ, ಜೊತೆಗೆ 150 ಕೊಟ್ಟು ಕೊಂಡ, ಹಡಗನ್ನು ಸ್ವಲ್ಪ ಹೊತ್ತು ಮರೆಮಾಡೋ ಕ್ಲೋಕಿಂಗ್. ಮೊದಲ ಹಂತದಲ್ಲಿ ಮಿಸೈಲ್ ಕೋಣೆಯನ್ನು ಮುಗಿಸಿಯೇ ಉಳಿದ ಕಡೆ ಕೈ ಹಾಕಿದೆ. ಎರಡನೇ ಹಂತದ ಡ್ರೋನ್‌ಗಳು ಹಡಗಿನ ಹೊರಕವಚ (ಹಲ್) ತಿಂದವು. ಮೂರನೇ ಹಂತದಲ್ಲಿ ಅದು ಲೇಸರ್ ಮಳೆ ಸುರಿಸೋ ಹೊತ್ತಿಗೆ ಸರಿಯಾಗಿ ಕ್ಲೋಕ್ ಮಾಡಬೇಕು. ಅದು ಎಲ್ಲರಿಗೂ ಗೊತ್ತು. ಆ ಕ್ಷಣಕ್ಕೆ ಸ್ವಲ್ಪ ಮುಂಚೆ ನಾನು ಮಾಡಿದ ಒಂದು ಕೆಲಸ ಮಾತ್ರ ನನ್ನಲ್ಲೇ ಇರಲಿ. ಮೂವತ್ತರ ಹಲ್‌ನಲ್ಲಿ ನಾಲ್ಕು ಉಳಿದಿತ್ತು.

ಹೊಗಳಿಕೆ ಸಾಕು, ಒಂದು ದೂರೂ ಇದೆ. ಏಳು ಸೆಕ್ಟರ್ ಹೇಗೆ ಬೇಕಾದರೂ ಆಡು ಅನ್ನೋ ಆಟ, ಎಂಟನೇದರಲ್ಲಿ ಮಾತ್ರ ಇಂಥಾ ಹಡಗೇ ಬೇಕು ಅಂತ ಹಠ ಹಿಡಿಯುತ್ತೆ. ಚೆನ್ನಾಗಿ ನಡೆದ ನನ್ನ ಐದಾರು ರನ್ ಅಲ್ಲೇ ಮಣ್ಣಾದವು. ಅದನ್ನೂ ವಿಮರ್ಶೆಯಲ್ಲಿ ಬರೆದೆ, ಲೆಕ್ಕದ ಸಮೇತ. 'ಅದೃಷ್ಟದ ಆಟ' ಅನ್ನೋ ಹಳೇ ಸಾಲು ಹೊಡೆದು ಹಾಕಿದೆ. ನಕ್ಕ ಗೆಳೆಯರಲ್ಲಿ ಒಬ್ಬ ಈಗ ನೋಟ್‌ಬುಕ್ ಫೋಟೋ ಕಳಿಸು ಅಂತ ಪೀಡಿಸುತ್ತಿದ್ದಾನೆ.

ಈಗ ಹಾರ್ಡ್ ಮಟ್ಟಕ್ಕೆ ಹೊಸ ಪುಟ ತೆಗೆದಿದ್ದೇನೆ. ಒಂಬತ್ತು ರನ್, ಒಂಬತ್ತೂ ಸೋಲು. ಐದನೇ ರನ್‌ನಲ್ಲಿ ಸಾಯುವಾಗ ಕೈಯಲ್ಲಿ ಮತ್ತೆ 90 ಸ್ಕ್ರ್ಯಾಪ್ ಇತ್ತು.