"ನಿನ್ನೆ ಯಾಕೋ ಬರ್ಲಿಲ್ಲ?" ಅಂತ ಕೇಳೋದು ಬಿಟ್ಟ ಮೇಲೆ

ಪಾಂಡವಪುರದ ಕಡೆ ಒಂದು ಸರ್ಕಾರಿ ಹೈಸ್ಕೂಲಲ್ಲಿ ನಾನು ಗಣಿತದ ಮೇಷ್ಟ್ರು. ತುಂಬಾ ವರ್ಷ ಹಾಜರಿ ಕೂಗುವಾಗ ನನ್ನದು ಒಂದೇ ಪಲ್ಲವಿ: "ನಿನ್ನೆ ಯಾಕೋ ಬರ್ಲಿಲ್ಲ?" ಹುಡುಗ ಎದ್ದು ನಿಂತು ನೆಲ ನೋಡುತ್ತಿದ್ದ, ಉಳಿದವರು ಕಿಸಕ್ಕನೆ ನಗುತ್ತಿದ್ದರು, ಮಾರನೇ ದಿನ ಅವನು ಮತ್ತೆ ಪತ್ತೆ ಇಲ್ಲ. ಅವನು ಬರದೇ ಇರೋದರಲ್ಲಿ ನನ್ನ ಪಾಲೂ ಇದೆ ಅಂತ ಹೊಳೆಯಲೇ ಇಲ್ಲ.

ಹತ್ತನೇ ಕ್ಲಾಸಿನ ಒಬ್ಬ ಹುಡುಗ ವಾರಕ್ಕೆ ಮೂರು ದಿನ ಬಂದರೆ ಹೆಚ್ಚು. ಬಂದ ದಿನವೂ ಕೊನೇ ಬೆಂಚಲ್ಲಿ ತೂಕಡಿಕೆ. ಒಂದು ದಿನ ಅವನ ನೋಟ್ಸ್ ನೋಡಲು ಬಗ್ಗಿದೆ. ಮುಂಗೈ ಮೇಲೆ ಸಣ್ಣ ಸಣ್ಣ ಸುಟ್ಟ ಗುರುತು, ಅಂಗಿಯಲ್ಲಿ ಹೊಗೆ ಮತ್ತು ಬೆಲ್ಲದ ವಾಸನೆ. ರಾತ್ರಿ ಅಪ್ಪನ ಜೊತೆ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಿದ್ದನಂತೆ. ಬೈಯೋಕೆ ಬಾಯಿ ಬರಲಿಲ್ಲ. ಏನೋ ಮಾತಾಡಿಸಬೇಕಲ್ಲ ಅಂತ, "ಒಂದು ಟನ್ ಕಬ್ಬಿಗೆ ಬೆಲ್ಲ ಎಷ್ಟು ಬೀಳುತ್ತೋ?" ಅಂದೆ.

"100 ಕೆಜಿ ಆಸುಪಾಸು ಸಾ. ಕಬ್ಬು ಯಾವ್ದು ಅಂತ ನೋಡ್ಬೇಕು, ಎಲ್ಲಾ ಒಂದೇ ತರ ಬೀಳಲ್ಲ."

ಮಾರನೇ ದಿನ ರೇಖಾತ್ಮಕ ಸಮೀಕರಣದ ಪಾಠ. ಎರಡು ತರದ ಕಬ್ಬು, ಒಂದಕ್ಕೆ ಟನ್ನಿಗೆ 90 ಕೆಜಿ, ಇನ್ನೊಂದಕ್ಕೆ 110, ಒಟ್ಟು 10 ಟನ್ ಅರೆದರೆ 1,040 ಕೆಜಿ ಬೆಲ್ಲ, ಯಾವುದು ಎಷ್ಟು ಟನ್ ಅಂತ ಲೆಕ್ಕ ಹಾಕಿಸಿದೆ. ಅವನು ಪೆನ್ನು ಮುಟ್ಟದೆ, "ಮೂರೂ ಏಳೂ ಸಾ" ಅಂದ. ಕ್ಲಾಸು ತಿರುಗಿ ನೋಡಿತು. ಈ ಸಲ ಯಾರೂ ನಗಲಿಲ್ಲ.

ಅವರಪ್ಪನ ಹತ್ತಿರ ಮೂರು ಸಲ ಹೋದೆ, ರಾತ್ರಿ ಕೆಲಸ ಬಿಡಿಸೋಕೆ. ಅದು ಬೇರೆ ಕಥೆ. ಈಗ ಯಾರೇ ರಜಾ ಹಾಕಿ ಬಂದರೂ "ಬಂದ್ಯಾ, ನಿನ್ನೆ ಇಷ್ಟು ಮಾಡಿದ್ವಿ, ಪಕ್ಕದವನ ಹತ್ರ ನೋಡ್ಕೋ" ಅಂತೀನಿ, ಅಷ್ಟೇ.

ಹುಡುಗನ ಹಾಜರಿ ತಿಂಗಳೊಳಗೆ ಸುಧಾರಿಸಿತು. ಮಾರ್ಕ್ಸು ಮಾತ್ರ ಹಾಗೇ, 20ಕ್ಕೆ 4 ಇದ್ದದ್ದು 6. ನನಗೆ ಬೇಜಾರಾಯಿತು. ಆಮೇಲೆ ಓದಿದೆ: ನೆದರ್ಲ್ಯಾಂಡ್ಸಿನ ಸಂಶೋಧಕರು 2011ರಲ್ಲಿ 99 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಮೇಷ್ಟ್ರು-ಮಕ್ಕಳ ಸಂಬಂಧದ ನಂಟು ಮಾರ್ಕ್ಸಿಗಿಂತ ಕಲಿಕೆಯಲ್ಲಿ ತೊಡಗೋದರ ಜೊತೆಗೇ ಜಾಸ್ತಿ ಕಂಡಿತ್ತು. ಮೇಲಿನ ಕ್ಲಾಸುಗಳಲ್ಲಿ ಇನ್ನೂ ಜಾಸ್ತಿ. ಸರಿ ಅನಿಸಿತು. ಪ್ರೀತಿಯಿಂದ ಮಾತಾಡಿಸಿದ ಮಾತ್ರಕ್ಕೆ ಭಿನ್ನರಾಶಿ ಬರುತ್ತಾ? ಬೆಂಚಿಗೆ ಬಂದು ಕೂತವನಿಗೆ ಏಳನೇ ಕ್ಲಾಸಿನ ಲೆಕ್ಕದಿಂದ ಶುರು ಮಾಡಿದೆ, ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಇಪ್ಪತ್ತು ನಿಮಿಷ.

ಎಡವಿದ್ದೂ ಇದೆ. ಒಬ್ಬಳು ಹುಡುಗಿಯನ್ನು "ಇವಳನ್ನ ನೋಡಿ ಕಲೀರಿ" ಅಂತ ದಿನಾ ಹೊಗಳಿದೆ. ಎರಡೇ ವಾರ, ಅವಳು ಕೈ ಎತ್ತೋದೇ ನಿಲ್ಲಿಸಿದಳು. ಗೆಳತಿಯರು ಊಟಕ್ಕೆ ಜೊತೆಗೆ ಕೂರಿಸಿಕೊಳ್ಳುತ್ತಿರಲಿಲ್ಲವಂತೆ. ಆ ವಯಸ್ಸಲ್ಲಿ ಮೇಷ್ಟ್ರ ಶಭಾಷ್‌ಗಿಂತ ಪಕ್ಕದ ತಟ್ಟೆ ದೊಡ್ಡದು, ಅಲ್ವಾ? ಹೊಗಳೋದು ನಿಲ್ಲಿಸಿ, ನಾಲ್ಕು ಜನರ ಗುಂಪಿಗೆ ಒಂದೇ ಹಾಳೆ ಕೊಟ್ಟು ಲೆಕ್ಕ ಮಾಡಿಸತೊಡಗಿದೆ. ಅವಳು ಈಗಲೂ ಕೈ ಎತ್ತಲ್ಲ, ಪಕ್ಕದವಳ ಕಿವಿಯಲ್ಲಿ ಉತ್ತರ ಹೇಳಿ ಅವಳ ಕೈ ಎತ್ತಿಸುತ್ತಾಳೆ.