ಚಿನ್ನಿಗೆ ಇನ್ನು ಮರಿ ಬೇಡ

ನಮ್ಮ ಚಿನ್ನಿ ಲ್ಯಾಬ್ರಡಾರ್. ಮೈಯೆಲ್ಲ ತಿಳಿ ಹಳದಿ. ಮುಂಗಾಲಿನ ಬೆರಳ ಸಂದಿಯ ಕೂದಲು ಮಾತ್ರ ಕಂದು, ಬಿಳಿ ಪಂಚೆಗೆ ಟೀ ಚೆಲ್ಲಿದ ಕಲೆಯ ಹಾಗೆ. ಆ ಬಣ್ಣವನ್ನು ನಾನು ಒಂದೂವರೆ ವರ್ಷ ದಿನಾ ನೋಡಿದ್ದೆ. ಯಾಕೆ ಹೀಗಿದೆ ಅಂತ ಯಾರನ್ನೂ ಕೇಳಿರಲಿಲ್ಲ. ನಾಯಿ ಕಾಲು ನೆಕ್ಕೋದು ಸಹಜ ಅಲ್ವಾ ಅಂದುಕೊಂಡಿದ್ದೆ. ನೆಕ್ಕಿ ನೆಕ್ಕಿ ಜೊಲ್ಲು ಹಿಡಿದು ಕೂದಲಿಗೆ ಆ ಬಣ್ಣ ಬರುತ್ತದೆ, ಅದು ತುರಿಕೆಯ ಗುರುತು ಅಂತ ತಿಳಿಯುವ ಹೊತ್ತಿಗೆ ಅವಳ ಏಳು ಮರಿಗಳು ಏಳು ಮನೆ ಸೇರಿಯಾಗಿತ್ತು.

ಮೈಸೂರಿನ ಮನೆಯಲ್ಲೇ ಲ್ಯಾಬ್ ಮರಿ ಮಾಡಿಸಲು ಶುರುಮಾಡಿ ಹನ್ನೊಂದು ವರ್ಷ ಆಯಿತು. ದೊಡ್ಡ ಕೆನಲ್ ಏನಲ್ಲ. ಒಂದು ಹಿತ್ತಲು, ಎರಡು ಹೆಣ್ಣು ನಾಯಿ, ವರ್ಷಕ್ಕೆ ಹೆಚ್ಚೆಂದರೆ ಒಂದು ಲಿಟರ್, ಅಂದರೆ ಒಂದು ಹೆರಿಗೆಯ ಮರಿಗಳು. ಮರಿಗಳಿಗೆ ಎಂಟು ವಾರ ತುಂಬದೆ ಯಾರಿಗೂ ಕೊಟ್ಟವಳಲ್ಲ. ಜಂತುಹುಳದ ಔಷಧಿ, ಲಸಿಕೆ, ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ಎಲ್ಲ ಸರಿಯಾಗಿಯೇ ಮಾಡುತ್ತಿದ್ದೆ. ಹಾಗಾಗಿ ನಾನು ಒಳ್ಳೆಯ ಬ್ರೀಡರ್ ಅಂತಲೇ ನಂಬಿದ್ದೆ.

ಮರಿಗಳು ಹೋದ ಮೇಲಿನ ಮಳೆಗಾಲದಲ್ಲಿ ಚಿನ್ನಿಯ ಕೆರೆತ ಜೋರಾಯಿತು. ರಾತ್ರಿ ಎರಡು ಗಂಟೆಗೆ ಹಿಂಗಾಲಲ್ಲಿ ಕಿವಿ ಕೆರೆದುಕೊಳ್ಳುವಾಗ ಮೊಣಕಾಲು ನೆಲಕ್ಕೆ ಬಡಿದು ಟಕ್ ಟಕ್ ಅಂತ ಸದ್ದು ಬರೋದು. ಕಂಕುಳು, ತೊಡೆಸಂದು, ಹೊಟ್ಟೆ ಕೆಂಪಾದವು. ಕಿವಿಯೊಳಗೆ ಕಂದು ಗುಗ್ಗೆ, ಹುಳಿ ಹಿಟ್ಟಿನ ವಾಸನೆ. ಹತ್ತಿರದ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. ಎರಡೇ ದಿನದಲ್ಲಿ ಕೆರೆತ ಮಾಯ! ನನಗೆ ಹೋದ ಜೀವ ಬಂದ ಹಾಗಾಯಿತು. ಮೂರು ವಾರಕ್ಕೆ ಮತ್ತೆ ಶುರು. ಮತ್ತೆ ಇಂಜೆಕ್ಷನ್. ಮೂರನೇ ಸಲದ ನಂತರ ಅವಳು ಬಕೆಟ್ ನೀರು ಖಾಲಿ ಮಾಡತೊಡಗಿದಳು. ರಾತ್ರಿ ನಡುಮನೆಯಲ್ಲೇ ಉಚ್ಚೆ. ಯಾವತ್ತೂ ಮನೆಯೊಳಗೆ ಗಲೀಜು ಮಾಡದವಳು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಆ ಇಂಜೆಕ್ಷನ್ ಸ್ಟೀರಾಯ್ಡ್. ಬಾಯಾರಿಕೆ, ಹಸಿವು, ಉಚ್ಚೆ ಮೂರೂ ಜಾಸ್ತಿ ಆಗುವುದು ಅದರಿಂದಲೇ. ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವಿಪರೀತ ಕೆರೆತ ಇದ್ದಾಗ ನಾಲ್ಕು ದಿನ ನೆಮ್ಮದಿ ಕೊಡುವ ಔಷಧಿ ಅದು. ಆದರೆ ಯಾತಕ್ಕೆ ತುರಿಕೆ ಅಂತ ಹುಡುಕದೆ ಅದನ್ನೇ ಕೊಡುತ್ತಾ ಹೋಗುವುದು ಬೇರೆ ಮಾತು. ನಾನೂ ಹುಡುಕಲಿಲ್ಲ. ಆ ತಪ್ಪು ನನ್ನದು.

ಕೊನೆಗೆ ಚರ್ಮರೋಗ ನೋಡುವ ಡಾಕ್ಟರ ಹತ್ತಿರ ಹೋದೆ. ಅವರು ಮೊದಲ ದಿನ ಔಷಧಿಯನ್ನೇ ಬರೆಯಲಿಲ್ಲ. ಬ್ಲೇಡಿನಲ್ಲಿ ಚರ್ಮ ಕೆರೆದು ನೋಡಿದರು, ಕಜ್ಜಿ ಹುಳ ಇದೆಯಾ ಅಂತ. ಕಾಲಿನ ಬೆರಳ ಸಂದಿಗೆ ಸೆಲೋಟೇಪ್ ಒತ್ತಿ ತೆಗೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಕಡಲೆಕಾಯಿ ಆಕಾರದ ನೇರಳೆ ಚುಕ್ಕೆಗಳು ರಾಶಿ ರಾಶಿ. ಅದು ಯೀಸ್ಟ್, ಒಂದು ಬಗೆಯ ಶಿಲೀಂಧ್ರ. ಆ ಹುಳಿ ವಾಸನೆ ಅದರದ್ದೇ. "ಇದು ಬೆಂಕಿ ಅಲ್ಲಮ್ಮ, ಬೆಂಕಿಗೆ ಬಿದ್ದ ಸೀಮೆಎಣ್ಣೆ. ಬೆಂಕಿ ಎಲ್ಲಿದೆ ಅಂತ ಹಂತ ಹಂತವಾಗಿ ಹುಡುಕಬೇಕು" ಅಂದರು.

ಮೊದಲು ಚಿಗಟ, ಉಣ್ಣೆ. ಕಣ್ಣಿಗೆ ಕಾಣಲಿ ಬಿಡಲಿ, ಮನೆಯ ಎರಡೂ ನಾಯಿಗಳಿಗೆ ತಪ್ಪದೆ ಮಾತ್ರೆ. ಚಿಗಟದ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತವೇ ಸಾಕಂತೆ. ಆಮೇಲೆ ಯೀಸ್ಟ್ ಮತ್ತು ಕಿವಿಯ ಸೋಂಕಿಗೆ ಔಷಧಿ. ಇಷ್ಟಕ್ಕೇ ಕೆರೆತ ಸ್ವಲ್ಪ ಕಡಿಮೆಯಾಯಿತು. ಉಳಿದದ್ದಕ್ಕೆ ಆಹಾರದ ಪರೀಕ್ಷೆ.

ಈ ಪರೀಕ್ಷೆ ರಕ್ತ ತೆಗೆದು ಮಾಡುವಂಥದ್ದಲ್ಲ. ನಾಯಿಗೆ ಯಾವ ಆಹಾರ ಆಗುವುದಿಲ್ಲ ಅಂತ ರಕ್ತಪರೀಕ್ಷೆಯಲ್ಲಿ ನಂಬುವ ಹಾಗೆ ತಿಳಿಯುವುದಿಲ್ಲ. ಆ ವರದಿಗೆ ದುಡ್ಡು ಕೊಡಬೇಡಿ ಅಂತ ಡಾಕ್ಟರೇ ಹೇಳಿದರು. ಮಾಡಬೇಕಾದ್ದು ಒಂದೇ. ನಾಯಿ ಈವರೆಗೆ ತಿನ್ನದ ಮಾಂಸ ಹುಡುಕಿ, ಎಂಟು ವಾರ ಅದನ್ನು ಬಿಟ್ಟು ಬೇರೇನೂ ಕೊಡಬಾರದು. ನಾಯಿಗಳಲ್ಲಿ ಆಹಾರದ ಅಲರ್ಜಿ ಹೆಚ್ಚಾಗಿ ಕಾಣುವುದು ದನದ ಮಾಂಸ, ಹಾಲು, ಕೋಳಿ, ಗೋಧಿಯಿಂದ. ನಮ್ಮ ಕಡೆ ನಾಯಿ ಊಟ ಅಂದರೆ ಏನು ಹೇಳಿ? ಕೋಳಿ ಹಾಕಿದ ಅನ್ನ, ಮೊಸರನ್ನ, ಬಿಸ್ಕತ್ತು. ಅಂಗಡಿಯ ಒಣ ಆಹಾರದ ಚೀಲ ತಿರುಗಿಸಿ ಓದಿದರೆ ಅದರಲ್ಲೂ ಕೋಳಿ. ಮೀನು ಮಾತ್ರ ಅವಳಿಗೆ ಕೊಟ್ಟಿರಲಿಲ್ಲ. ಹಾಗಾಗಿ ಜಿಲೇಬಿ ಮೀನು ಮತ್ತು ಗೆಣಸು. ಮೀನನ್ನು ಬೇಯಿಸಿ, ಬೆರಳಲ್ಲಿ ಒಂದೊಂದೇ ಮುಳ್ಳು ತೆಗೆಯಬೇಕು. ದಿನಾ ಮುಕ್ಕಾಲು ಗಂಟೆ ಅದೇ ಕೆಲಸ.

ಎರಡನೇ ವಾರದ ಕೊನೆಗೆ ಕೆರೆತ ಒಮ್ಮೆಲೇ ಏರಿತು. ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದೆ. ನೋಡಿದರೆ ಬೆಳಿಗ್ಗೆ ಅಮ್ಮ ಕಾಫಿ ಕುಡಿಯುವಾಗ ಲೋಟದ ತಳದ ಹಾಲುಕಾಫಿಯಲ್ಲಿ ಬಿಸ್ಕತ್ತು ಅದ್ದಿ ಅವಳಿಗೆ ಕೊಡುತ್ತಿದ್ದರು. "ಪಾಪ ಕಣೇ, ಬರೀ ಮೀನು ತಿಂದು ಬಾಯಿ ಕೆಟ್ಟಿರುತ್ತೆ" ಅಂತ ಅವರ ವಾದ. ಅಮ್ಮನನ್ನು ಕೂರಿಸಿಕೊಂಡು ಚಿನ್ನಿಯ ಹೊಟ್ಟೆಯ ಕೆಂಪನ್ನು ತೋರಿಸಿದೆ. ಅವರ ಕಣ್ಣು ತುಂಬಿತು. ಮತ್ತೆ ಒಂದನೇ ದಿನದಿಂದ ಎಣಿಕೆ ಶುರು. ನೀವು ಈ ಪರೀಕ್ಷೆ ಮಾಡುವುದಾದರೆ ಮೊದಲು ಮನೆಯ ಹಿರಿಯರಿಗೆ, ಕೆಲಸದವರಿಗೆ, ಪಕ್ಕದ ಮನೆ ಮಕ್ಕಳಿಗೆ ಬಿಡಿಸಿ ಹೇಳಿ. ರುಚಿ ಹಾಕಿದ ಅಗಿಯುವ ಮಾತ್ರೆಗಳೂ ಆ ಎಂಟು ವಾರ ಬೇಡ. ಅವುಗಳಲ್ಲೂ ಮಾಂಸದ ಅಂಶ ಇರಬಹುದು. ಇನ್ನೊಂದು ಮಾತು: ಈ ಮನೆಯೂಟ ಪರೀಕ್ಷೆಗಷ್ಟೇ. ಮೀನು ಗೆಣಸನ್ನೇ ವರ್ಷಗಟ್ಟಲೆ ಕೊಟ್ಟರೆ ಕ್ಯಾಲ್ಸಿಯಂ ಮೊದಲಾದವು ಸಾಲುವುದಿಲ್ಲ.

ಡಾಕ್ಟರು ಒಂದು ಅಭ್ಯಾಸ ಹಚ್ಚಿದ್ದರು. ದಿನಾ ರಾತ್ರಿ ಕೆರೆತಕ್ಕೆ ಅಂಕ ಹಾಕುವುದು. ಸೊನ್ನೆ ಅಂದರೆ ಕೆರೆತವೇ ಇಲ್ಲ, ಹತ್ತು ಅಂದರೆ ಊಟ ನಿದ್ದೆ ಬಿಟ್ಟು ಕೆರೆತ. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಪಕ್ಕ ಬರೆಯುತ್ತಿದ್ದೆ. 8, 8, 7, 8... ಎಂಟನೇ ವಾರಕ್ಕೆ 4. ಆಗ ಪರೀಕ್ಷೆಯ ಎರಡನೇ ಭಾಗ. ಹಳೆ ಊಟವನ್ನು ಬೇಕಂತಲೇ ವಾಪಸ್ ಕೊಡುವುದು. ಕೋಳಿ ಕೊಟ್ಟ ನಾಲ್ಕನೇ ದಿನ ಕಿವಿ ಕೆಂಪಾಗಿ ಬಿಸಿಯಾಯಿತು, ಕ್ಯಾಲೆಂಡರಿನಲ್ಲಿ 7. ನಿಲ್ಲಿಸಿದ ಮೇಲೆ ಇಳಿಯಿತು. ಕೋಳಿ ಆಗುವುದಿಲ್ಲ ಅಂತ ಖಚಿತವಾಯಿತು. ಆದರೆ ಕೋಳಿ ಬಿಟ್ಟರೂ ಅಂಕ 4ಕ್ಕಿಂತ ಕೆಳಗೆ ಇಳಿಯಲಿಲ್ಲ, ಮಳೆ ಶುರುವಾದರೆ ಏರುತ್ತಿತ್ತು. ಈ ಉಳಿದದ್ದಕ್ಕೆ ಅಟೋಪಿ ಅನ್ನುತ್ತಾರೆ. ಮನೆಯ ದೂಳಿನ ಹುಳ, ಹೂವಿನ ಪುಡಿ, ಬೂಷ್ಟು ಇಂಥ ಸಾಮಾನ್ಯ ವಸ್ತುಗಳಿಗೇ ಮೈ ಕೆರಳುವುದು. ವಾಸಿ ಆಗುವ ಕಾಯಿಲೆ ಅಲ್ಲ, ಹಿಡಿತದಲ್ಲಿ ಇಡುವ ಕಾಯಿಲೆ.

ಡಾಕ್ಟರು ಆಗ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಕಿವಿಯಲ್ಲಿದೆ. "ಇವಳಿಗೆ ಮರಿ ಆಗಿದೆಯಾ?"

ಅಟೋಪಿ ವಂಶದಲ್ಲಿ ಹರಿದು ಬರುತ್ತದೆ. ಬ್ರಿಟನ್ನಿನಲ್ಲಿ ಕುರುಡರಿಗೆ ದಾರಿ ತೋರುವ ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ನಾಯಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಂಶದ ಪಾಲು ಹತ್ತಿರ ಹತ್ತಿರ ಅರ್ಧದಷ್ಟು ಅಂತ ಕಂಡಿತ್ತು. ಉಳಿದದ್ದು ಬೆಳೆಯುವ ಜಾಗ, ಹವೆ ಇತ್ಯಾದಿ. ಒಂದೇ ಜೀನ್ ಅಲ್ಲ, ಹಲವು ಜೀನ್ ಸೇರಿ ಆಗುವುದು. ಹಾಗಾಗಿ ಒಂದು ಪರೀಕ್ಷೆ ಮಾಡಿಸಿ "ಈ ನಾಯಿ ಸರಿ" ಅಂತ ಹೇಳಲಾಗದು. ತಾಯಿ, ತಂದೆ, ಒಡಹುಟ್ಟಿದವರನ್ನು ನೋಡಿಯೇ ಅಂದಾಜು ಮಾಡಬೇಕು. ಕೆಸಿಐ ಪೇಪರ್ ನಾಯಿಯ ಅಪ್ಪ ಅಮ್ಮ ಯಾರು ಅಂತ ಹೇಳುತ್ತದೆ. ಆ ಅಪ್ಪ ಅಮ್ಮ ಕೆರೆದುಕೊಳ್ಳುತ್ತಿದ್ದರೇ ಅಂತ ಹೇಳುವುದಿಲ್ಲ. ಇಷ್ಟು ವರ್ಷ ನಾನು ಆ ಪೇಪರನ್ನು ಆರೋಗ್ಯದ ಸರ್ಟಿಫಿಕೇಟ್ ಅನ್ನುವ ಹಾಗೆ ಜನರ ಕೈಗೆ ಕೊಟ್ಟಿದ್ದೆ.

ಆ ಹೊತ್ತಿಗೆ ಚಿನ್ನಿಯ ಮುಂದಿನ ಲಿಟರ್‌ಗೆ ನಾಲ್ಕು ಜನ ಐದೈದು ಸಾವಿರ ಮುಂಗಡ ಕೊಟ್ಟಿದ್ದರು. ಅವಳು ಆಗ ತುರಿಕೆ ತಡೆಯುವ ಒಕ್ಲಾಸಿಟಿನಿಬ್ ಮಾತ್ರೆಯ ಮೇಲಿದ್ದಳು. ಚರ್ಮ ಬೆಣ್ಣೆಯ ಹಾಗೆ, ಕೂದಲು ಫಳಫಳ. ಫೋಟೋ ತೆಗೆದರೆ ಯಾರೂ ಕಾಯಿಲೆ ಅನ್ನುತ್ತಿರಲಿಲ್ಲ. ಸ್ಟಡ್ ನಾಯಿಯ, ಅಂದರೆ ಮರಿ ಮಾಡಿಸಲು ಬಿಡುವ ಗಂಡಿನ, ಮಾಲೀಕರು ಫೋನ್ ಮಾಡಿದರು. "ಈಗ ಚೆನ್ನಾಗಿದೆಯಲ್ಲ ಅಕ್ಕಾ, ಹೀಟ್ ಬಂದಾಗ ಮಾತ್ರೆ ನಿಲ್ಲಿಸಿ ಮೇಟಿಂಗ್ ಮಾಡಿಸಿದರಾಯಿತು. ಸ್ವಲ್ಪ ಸ್ಕಿನ್ ಪ್ರಾಬ್ಲಂ ಎಲ್ಲ ಲ್ಯಾಬ್‌ಗೂ ಇರತ್ತೆ." ನನಗೆ ಮೈ ಜುಂ ಅಂದಿದ್ದು ಆವಾಗಲೇ. ಮಾತ್ರೆ ತುರಿಕೆಯನ್ನು ಮುಚ್ಚುತ್ತದೆ, ಜೀನ್ ಬದಲಿಸುವುದಿಲ್ಲ. ಔಷಧಿ ಎಷ್ಟು ಒಳ್ಳೆಯದೋ ಅಷ್ಟು ಸುಲಭವಾಗಿ ಕಾಯಿಲೆಯ ನಾಯಿಯನ್ನು ಒಳ್ಳೆಯ ನಾಯಿ ಅಂತ ತೋರಿಸಬಹುದು. ಮರಿ ಮಾಡಿಸುವ ನಾಯಿಗಳಿಗೆ ಆ ಮಾತ್ರೆಯನ್ನು ಕೊಡಲೂಬಾರದು, ಅದು ಬೇರೆ.

"ನಿಮ್ಮ ಗಂಡಿಗೆ ಹೇಗಿದೆ?" ಅಂತ ಕೇಳಿದೆ. ಸುಮ್ಮನಿದ್ದು, "ಕಿವಿಗೆ ಆಗಾಗ ಡ್ರಾಪ್ಸ್ ಹಾಕ್ತೀವಿ ಅಷ್ಟೇ" ಅಂದರು. ಇದನ್ನು ಮೊದಲ ಮೇಟಿಂಗ್‌ಗೆ ಮುಂಚೆಯೇ ನಾನು ಕೇಳಬೇಕಿತ್ತು. ಆಗ ಕೇಳಿದ್ದು ಬಣ್ಣ, ತಲೆಯ ಅಗಲ, ಶೋನಲ್ಲಿ ಗೆದ್ದ ಸರ್ಟಿಫಿಕೇಟ್.

ಮುಂಗಡ ನಾಲ್ಕೂ ವಾಪಸ್ ಕೊಟ್ಟೆ. ಚಿನ್ನಿಗೆ ಗರ್ಭಕೋಶ ತೆಗೆಸುವ ಆಪರೇಷನ್ ಮಾಡಿಸಿದೆ. ಅದು ಸುಲಭ ಇತ್ತು. ಕಷ್ಟ ಆಗಿದ್ದು ಏಳು ಮನೆಗೆ ಫೋನ್ ಮಾಡುವುದು. ಆರು ಜನ ಸಿಕ್ಕರು. ಒಂದೊಂದು ಸಲ ರಿಂಗ್ ಆಗುವಾಗಲೂ ಎತ್ತದಿದ್ದರೆ ಸಾಕು ಅನ್ನಿಸುತ್ತಿತ್ತು. ನಾಲ್ಕು ಮರಿ ಚೆನ್ನಾಗಿದ್ದವು. ಎರಡು ಕೆರೆದುಕೊಳ್ಳುತ್ತಿದ್ದವು, ಒಂದೂವರೆ ವರ್ಷಕ್ಕೇ. ಮಂಡ್ಯದ ಒಬ್ಬರು, "ನಾವು ಊಟ ಸರಿ ಕೊಡಲಿಲ್ಲ, ನಮ್ಮದೇ ತಪ್ಪು ಅಂದುಕೊಂಡಿದ್ವಿ ಮೇಡಂ" ಅಂದರು. ಒಂದು ವರ್ಷದಿಂದ ಆ ಮನೆಯವರು ಬೇವಿನೆಣ್ಣೆ ಅರಿಶಿನ ಹಚ್ಚುತ್ತಾ, ಮರಿ ಅದನ್ನು ನೆಕ್ಕುತ್ತಾ, ತಮ್ಮನ್ನೇ ಬೈದುಕೊಳ್ಳುತ್ತಾ ಇದ್ದರು. ಆ ಎರಡು ಮನೆಯ ಪರೀಕ್ಷೆಯ ಖರ್ಚು ನಾನು ಕೊಟ್ಟೆ. ಎಲ್ಲ ಆರು ಮನೆಗೂ ಒಂದು ಕೋರಿಕೆ ಇಟ್ಟೆ: ಈಗ ಚೆನ್ನಾಗಿದ್ದರೂ ಈ ಮರಿಗಳಿಂದ ಮರಿ ಮಾಡಿಸಬೇಡಿ. ಐದು ಜನ ಒಪ್ಪಿದರು.

ನಮ್ಮಲ್ಲಿ ನಾಯಿ ಬ್ರೀಡಿಂಗ್‌ಗೆ 2017ರ ಕೇಂದ್ರ ಸರ್ಕಾರದ ನಿಯಮಗಳಿವೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕು, ಹೆಣ್ಣಿಗೆ ಹದಿನೆಂಟು ತಿಂಗಳು ತುಂಬಿರಬೇಕು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಲಿಟರ್ ಬೇಡ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಬೇಡ, ಎಂಟು ವಾರದೊಳಗಿನ ಮರಿ ಮಾರಬಾರದು. ಇವು ಬೇಕೇ ಬೇಕು. ಆದರೆ ಅಟೋಪಿ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ತಲೆ ಎತ್ತುತ್ತದೆ. ಹದಿನೆಂಟು ತಿಂಗಳಿಗೆ ಮೇಟಿಂಗ್ ಮಾಡಿಸಿದರೆ ಕಾಯಿಲೆ ಕಾಣುವ ಮೊದಲೇ ಮರಿ ಹುಟ್ಟಿರಬಹುದು. ಹಾಗಾಗಿ ನಮ್ಮ ಇನ್ನೊಂದು ಹೆಣ್ಣು ಗಂಗೆಗೆ ಮೂರು ತುಂಬುವ ತನಕ ಕಾದೆ. ಎರಡು ತುಂಬಿದ ಮೇಲೆ ಕೀಲಿನ ತೊಂದರೆ ಇದೆಯಾ ಅಂತ ಸೊಂಟದ ಎಕ್ಸ್‌ರೇ ಮಾಡಿಸಿದೆ. ಗಂಡು ನಾಯಿಯ ಮನೆಗೆ ಹೇಳದೆ ಕೇಳದೆ ಮಳೆಗಾಲದಲ್ಲಿ ಹೋಗುತ್ತೇನೆ, ಪಾದ ಎತ್ತಿ ಬೆರಳ ಸಂದಿ ನೋಡುತ್ತೇನೆ, ಕಿವಿ ಮಡಚಿ ಮೂಸುತ್ತೇನೆ. ಕಳೆದ ಒಂದು ವರ್ಷದಲ್ಲಿ ಕೊಟ್ಟ ಔಷಧಿಗಳ ಚೀಟಿ ಕೇಳುತ್ತೇನೆ. ಇಷ್ಟು ಕೇಳಿದರೆ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ಹೋದ ವರ್ಷ ಎರಡು ಗಂಡು ಬೇಡ ಅಂತ ಬಂದೆ, ಆ ವರ್ಷ ನಮ್ಮ ಹಿತ್ತಲಲ್ಲಿ ಮರಿಯೇ ಇರಲಿಲ್ಲ.

ಚಿನ್ನಿಗೆ ಈಗ ಐದು ವರ್ಷ. ವಾರಕ್ಕೊಮ್ಮೆ ಸೋಂಕು ತಡೆಯುವ ಕ್ಲೋರ್‌ಹೆಕ್ಸಿಡಿನ್ ಶಾಂಪೂ. ಹಚ್ಚಿದ ತಕ್ಷಣ ತೊಳೆದರೆ ದುಡ್ಡು ದಂಡ, ಹತ್ತು ನಿಮಿಷ ಮೈ ಮೇಲೆ ನಿಲ್ಲಬೇಕು. ಒಗೆಯುವ ಕಲ್ಲಿನ ಪಕ್ಕ ಅವಳ ಕತ್ತು ತಬ್ಬಿಕೊಂಡು ಕೂರುತ್ತೇನೆ, ಅಮ್ಮ ಒಳಗಿಂದ ಗಡಿಯಾರ ನೋಡಿ ಹೇಳುತ್ತಾರೆ. ವಾಕಿಂಗ್‌ನಿಂದ ಬಂದ ಮೇಲೆ ನಾಲ್ಕು ಪಾದ ತೊಳೆದು, ಬೆರಳ ಸಂದಿ ಹಳೆ ಕಾಟನ್ ಸೀರೆ ತುಂಡಿನಲ್ಲಿ ಪೂರ್ತಿ ಒಣಗಿಸುವುದು. ಒದ್ದೆ ಬಿಟ್ಟರೆ ಯೀಸ್ಟ್ ವಾಪಸ್. ಅವಳ ಹಾಸಿಗೆ ವಾರಕ್ಕೊಮ್ಮೆ ಬಿಸಿನೀರಿಗೆ. ಊಟ ಮೀನಿನ ಆಧಾರದ ಪೂರ್ಣ ಆಹಾರ. ಜೂನ್‌ನಿಂದ ನವೆಂಬರ್ ತನಕ ಡಾಕ್ಟರು ಹೇಳಿದಷ್ಟು ಮಾತ್ರೆ, ಬೇಸಿಗೆಯಲ್ಲಿ ಹೆಚ್ಚಾಗಿ ಬೇಕಾಗುವುದಿಲ್ಲ.

ಅಮ್ಮ ಈಗ ಕಾಫಿ ಜೊತೆ ಗೆಣಸಿನ ತುಂಡು ಇಟ್ಟುಕೊಂಡು ಕೂರುತ್ತಾರೆ. ಮಂಡ್ಯದವರು ಮೊದಲ ಮಳೆ ಬಿದ್ದ ದಿನ ಫೋನ್ ಮಾಡುತ್ತಾರೆ, ನಿಮ್ಮಲ್ಲಿ ಎಷ್ಟು ಅಂತ. ಈ ವಾರ ನಮ್ಮ ಕ್ಯಾಲೆಂಡರಿನಲ್ಲಿ 2, 2, 3, 2 ಇದೆ. ನಿನ್ನೆ ಸಂಜೆ ಜೋರು ಮಳೆ. ಇವತ್ತು 4 ಬರೆದಿದ್ದೇನೆ, ಶಾಂಪೂ ಒಂದು ದಿನ ಮುಂಚೆ ಮಾಡಬೇಕು.