ಸರ್ವೆ ತಾಣಗಳಲ್ಲಿ ಮೂರು ತಿಂಗಳು: ನನ್ನ ನೋಟ್‌ಬುಕ್ಕಿನ ಲೆಕ್ಕ

ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ದುಡ್ಡು ಕೊಡುವ ಸರ್ವೆ ತಾಣವೊಂದರ ಪರದೆಯ ಮೇಲೆ ‘15 ನಿಮಿಷ, 1 ಡಾಲರ್’ ಎಂದು ಬರೆದಿತ್ತು. ಏಳನೇ ನಿಮಿಷಕ್ಕೆ ‘ಕ್ಷಮಿಸಿ, ನೀವು ಈ ಸರ್ವೆಗೆ ಹೊಂದುವುದಿಲ್ಲ’ ಎಂಬ ಸಾಲು ಬಂತು. ಅಷ್ಟರಲ್ಲಿ ನನ್ನ ವಯಸ್ಸು, ಮನೆಯಲ್ಲಿ ಎಷ್ಟು ಜನ, ವಾಷಿಂಗ್ ಮಷೀನ್ ಕೊಂಡು ಎಷ್ಟು ವರ್ಷ, ಮುಂದಿನ ಆರು ತಿಂಗಳಲ್ಲಿ ಏನೇನು ಕೊಳ್ಳುವ ಯೋಚನೆ ಇದೆ, ಎಲ್ಲ ಹೇಳಿಯಾಗಿತ್ತು. ಖಾತೆಗೆ ಬಿದ್ದದ್ದು ಸೊನ್ನೆ. ಅವತ್ತೇ ಒಂದು ನೋಟ್‌ಬುಕ್ ತೆಗೆದು ಗೆರೆ ಎಳೆದೆ: ಯಾವ ತಾಣ, ಶುರು ಮಾಡಿದ ಹೊತ್ತು, ಎದ್ದ ಹೊತ್ತು, ಕೈಗೆ ಬಂದದ್ದು. ಕೆಲಸ ಹುಡುಕುತ್ತಾ ಕೂತ ನಿಮಿಷಗಳನ್ನೂ ಬಿಡದೆ ಬರೆದೆ.

ಮೊದಲ ತಿಂಗಳು ಮುಗಿದಾಗ ಒಟ್ಟು 21 ಗಂಟೆ ಆಗಿತ್ತು, ಕೈಗೆ ಬಂದದ್ದು 11 ಡಾಲರ್ ಬೆಲೆಯ ಗಿಫ್ಟ್ ಕಾರ್ಡ್. ಗಂಟೆಗೆ ಅರ್ಧ ಡಾಲರ್‌ಗಿಂತ ತುಸು ಹೆಚ್ಚು. ಅದರಲ್ಲಿ 9 ಗಂಟೆ, ನಡುವೆಯೇ ನನ್ನನ್ನು ಹೊರಹಾಕಿದ ಸರ್ವೆಗಳಿಗೆ ಹೋಗಿತ್ತು.

ಹೊರಹಾಕುವುದು ಯಾಕೆಂದು ಆಮೇಲೆ ಅರ್ಥವಾಯಿತು. ಸರ್ವೆ ಮಾಡಿಸುವ ಕಂಪನಿಗೆ ಇಂತಿಷ್ಟು ವಯಸ್ಸಿನ, ಇಂಥದ್ದೇ ವಸ್ತು ಬಳಸುವ ಇಷ್ಟೇ ಜನ ಬೇಕು ಎಂಬ ಕೋಟಾ ಇರುತ್ತದೆ. ಅದು ತುಂಬಿದ ಮೇಲೆ ಬಂದವರಿಗೆ ಬಾಗಿಲು ಮುಚ್ಚುತ್ತದೆ. ಒಂದೇ ಸರ್ವೆ ಹಲವು ತಾಣಗಳ ಮೂಲಕ ಹರಿದುಬರುವುದರಿಂದ, ನಾವು ಪ್ರಶ್ನೆ ಓದುತ್ತಿರುವಾಗಲೇ ಬೇರೆ ಯಾರೋ ಆ ಜಾಗ ತುಂಬಿರುತ್ತಾರೆ. ಕೆಲವು ತಾಣಗಳು ಹೊರಹಾಕಿದಾಗಲೂ ಒಂದೆರಡು ಪಾಯಿಂಟ್ ಕೊಡುತ್ತವೆ. ನನ್ನ ಮಟ್ಟಿಗೆ ಆ ಒಂದೆರಡು ಪಾಯಿಂಟ್ ತಾಣದ ಮರ್ಯಾದೆಯ ಗುರುತು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಹೊರಬೀಳಬಾರದೆಂದು ಉತ್ತರ ತಿರುಚಿದೆ. ಒಂದು ಕಡೆ ಮನೆಯಲ್ಲಿ ಮೂವರು ಎಂದೆ, ಇನ್ನೊಂದು ಕಡೆ ಐವರು ಎಂದೆ. ಹಣ ತೆಗೆಯಲು 3,000 ಪಾಯಿಂಟ್ ಬೇಕಿದ್ದ ತಾಣದಲ್ಲಿ 2,840 ಮುಟ್ಟಿದಾಗ ಖಾತೆ ಮುಚ್ಚಿದರು. ಹಳೆಯ ಉತ್ತರಕ್ಕೂ ಹೊಸದಕ್ಕೂ ತಾಳೆ ನೋಡುತ್ತಾರೆ ಎಂಬುದು ಆಗ ಗೊತ್ತಾಯಿತು. ‘ಈ ಸಾಲಿನಲ್ಲಿ ನಾಲ್ಕನೆಯದನ್ನೇ ಒತ್ತಿ’ ಎಂಬಂಥ ಅಟೆನ್ಷನ್ ಚೆಕ್ ಪ್ರಶ್ನೆಗಳೂ ನಡುನಡುವೆ ಇರುತ್ತವೆ. ಓದದೆ ಒತ್ತುತ್ತಾ ಹೋದರೆ ಅಲ್ಲೇ ಸಿಕ್ಕಿಬೀಳುತ್ತೇವೆ. ಅಂದಿನಿಂದ ನಿಜವನ್ನೇ ಬರೆಯುತ್ತೇನೆ. ಎಷ್ಟು ಸಿಗುತ್ತದೋ ಅಷ್ಟೇ.

ಎರಡನೇ ತಿಂಗಳು, ಕಂಪ್ಯೂಟರಿಗೆ ಸುಲಭವಾಗಿ ಬಾರದೆ ಆನ್‌ಲೈನ್‌ನಲ್ಲಿ ಜನರಿಂದ ಮಾಡಿಸುವ ಸಣ್ಣ ಕೆಲಸಗಳ ಕಡೆ ತಿರುಗಿದೆ. ಈ ಬಗೆಯ ತಾಣಗಳಲ್ಲಿ ಹೆಸರಾದದ್ದು 2005ರಲ್ಲಿ ಶುರುವಾದ ಅಮೆಜಾನ್ ಮೆಕ್ಯಾನಿಕಲ್ ಟರ್ಕ್. 1770ರಲ್ಲಿ ವಿಯೆನ್ನಾದಲ್ಲಿ ಪ್ರದರ್ಶನಗೊಂಡ ಚದುರಂಗದ ‘ಯಂತ್ರ’ದ ಹೆಸರು ಅದಕ್ಕಿದೆ. ಆ ಯಂತ್ರದ ಹೊಟ್ಟೆಯೊಳಗೆ ಮನುಷ್ಯನೇ ಅಡಗಿ ಕೂತು ಕಾಯಿ ನಡೆಸುತ್ತಿದ್ದ. ಚಿತ್ರದಲ್ಲಿ ಟ್ರಾಫಿಕ್ ದೀಪಕ್ಕೆ ಚೌಕ ಎಳೆಯುವಾಗ, ಮಸುಕಾದ ರಸೀದಿ ಓದಿ ಟೈಪ್ ಮಾಡುವಾಗ ನನಗೆ ಅವನ ನೆನಪಾಗುತ್ತಿತ್ತು. ಅಮೆಜಾನ್‌ನ ಆ ತಾಣದ 2,676 ಜನರ ಕೆಲಸವನ್ನು ಅಳೆದು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಮಧ್ಯದ ಗಳಿಕೆ (ಅರ್ಧ ಜನ ಇದಕ್ಕಿಂತ ಕಡಿಮೆ, ಅರ್ಧ ಜನ ಹೆಚ್ಚು) ಗಂಟೆಗೆ ಸುಮಾರು 2 ಡಾಲರ್ ಎಂದಿತು. ಕೆಲಸ ಹುಡುಕಿದ ಹೊತ್ತು, ಮಾಡಿದರೂ ರಿಜೆಕ್ಟ್ ಆದ ಕೆಲಸದ ಹೊತ್ತು, ಎಲ್ಲವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅದನ್ನು ಓದಿದಾಗ ನನ್ನ ನೋಟ್‌ಬುಕ್ಕಿನ ಲೆಕ್ಕದ ರೀತಿ ಸರಿ ಎನಿಸಿತು.

ಚಿತ್ರದ ಕೆಲಸದಲ್ಲಿ ದರ ಕಡಿಮೆ, ಕಣ್ಣಿಗೆ ಆಯಾಸ ಹೆಚ್ಚು. ನನಗೆ ಒಗ್ಗಿದ್ದು ಧ್ವನಿಯ ಕೆಲಸ. ಯಾರೋ ಕನ್ನಡದಲ್ಲಿ ಮಾತಾಡಿದ ಹತ್ತು ಸೆಕೆಂಡಿನ ತುಣುಕು ಕೇಳಿ, ಕೆಳಗೆ ಬರೆದದ್ದು ಸರಿಯೇ ಎಂದು ನೋಡಿ ತಿದ್ದಬೇಕು. ‘ಹೋಗ್ತೀನಿ’ ಎಂದದ್ದನ್ನು ‘ಹೋಗುತ್ತೇನೆ’ ಎಂದು ತಿದ್ದಬಾರದು, ಕೇಳಿದ್ದನ್ನೇ ಬರೆಯಬೇಕು. ಈ ಸೂಚನೆ ಸರಿಯಾಗಿ ಓದದೆ ಮೊದಲ ದಿನ ಹನ್ನೆರಡು ತುಣುಕು ರಿಜೆಕ್ಟ್ ಆದವು. ಅಪ್ರೂವಲ್ ರೇಟ್, ಅಂದರೆ ಮಾಡಿದ ಕೆಲಸದಲ್ಲಿ ಒಪ್ಪಿಗೆಯಾದದ್ದರ ಪ್ರಮಾಣ, ಬಿದ್ದರೆ ಒಳ್ಳೆಯ ಕೆಲಸಗಳು ಕಣ್ಣಿಗೇ ಬೀಳುವುದಿಲ್ಲ, ಹಾಗಾಗಿ ಈಗ ಸೂಚನೆಗಳನ್ನು ಎರಡು ಸಲ ಓದಿಯೇ ಕೂರುತ್ತೇನೆ. ಮೂರನೇ ತಿಂಗಳು ಇದನ್ನಷ್ಟೇ ಮಾಡಿದೆ: 10 ಗಂಟೆಗೆ 32 ಡಾಲರ್.

ನಡುವೆ ತಂಗಿಗೊಂದು ಮೆಸೇಜ್ ಬಂತು. ವಿಡಿಯೊಗಳಿಗೆ ಲೈಕ್ ಒತ್ತಿದರೆ ದುಡ್ಡು. ಮೊದಲ ದಿನ ನಿಜವಾಗಿಯೂ ಸ್ವಲ್ಪ ಹಣ ಹಾಕಿದರು. ಎರಡನೇ ದಿನ ‘ದೊಡ್ಡ ಟಾಸ್ಕ್’ ಬೇಕಿದ್ದರೆ ಮುಂಗಡ ಕಟ್ಟಿ ಎಂದರು. “ಅಕ್ಕಾ, ನಿನ್ನೆ ಕೊಟ್ಟಿದ್ದಾರಲ್ಲ!” ಎಂದಳು. ಕೊಟ್ಟದ್ದೇ ಗಾಳಕ್ಕೆ ಸಿಕ್ಕಿಸಿದ ಎರೆ ಎಂದು ಹೇಳಿ ಆ ನಂಬರ್ ಬ್ಲಾಕ್ ಮಾಡಿಸಿದೆ. ಕೆಲಸ ಕೊಡುವವರು ನಮ್ಮಿಂದ ಹಣ ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು.

ಈಗ ಉಳಿಸಿಕೊಂಡಿರುವುದು ಧ್ವನಿ ಕೆಲಸದ ಒಂದೇ ತಾಣ. ಸರ್ವೆಗಳಿಗೆಂದು ತೆರೆದಿದ್ದ ಬೇರೆ ಇಮೇಲ್ ವಿಳಾಸದಿಂದ, ಉಳಿದ ಮೂರು ತಾಣಗಳಿಗೆ ನನ್ನ ವಿವರ ಅಳಿಸಿಹಾಕಿ ಎಂದು ಬರೆದಿದ್ದೇನೆ. ಎರಡು ಕಡೆಯಿಂದ ಅಳಿಸಿದ್ದೇವೆ ಎಂಬ ಉತ್ತರ ಬಂದಿದೆ. ಮೂರನೆಯವರಿಗೆ ಈ ವಾರ ಮತ್ತೆ ಬರೆಯಬೇಕು.